ಗೂಬೆಯ ಸುತ್ತ ಒಂದು ಚೌಕ: ಟ್ರೇಸ್ ಮಾಡಿದ ಚಿತ್ರದ ಹಿನ್ನೆಲೆ ತೆಗೆಯುವ ಬಗೆ

ನಮ್ಮತ್ತೆ ಶಾಯಿಯಲ್ಲಿ ಒಂದು ಗೂಬೆ ಬರೆದಿದ್ದರು. ಕೊಂಬೆಯ ಮೇಲೆ ಕೂತ ಗೂಬೆ. ದೊಡ್ಡ ಕಣ್ಣು, ಬಿಳಿ ಹೊಟ್ಟೆ, ರೆಕ್ಕೆಯಲ್ಲಿ ಒಂದಿಷ್ಟು ಕಂದು ಬಣ್ಣ. ಅದನ್ನು ಸ್ಟಿಕರ್ ಮಾಡಿಕೊಡೋಣ ಅಂತ ಸ್ಕ್ಯಾನ್ ಮಾಡಿದೆ, ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಮಾಡಿದೆ (ಅಂದರೆ ಸ್ಕ್ಯಾನ್ ಆದ ಚಿತ್ರವನ್ನು ಗೆರೆ ಸುತ್ತಿದ ಆಕಾರಗಳಾಗಿ ಬದಲಿಸಿದೆ), ಫೈಲನ್ನು ಸ್ಟಿಕರ್ ಹಾಳೆ ಕತ್ತರಿಸುವ ಯಂತ್ರಕ್ಕೆ, ಅಂದರೆ ವಿನೈಲ್ ಕಟ್ಟರ್‌ಗೆ ಕಳಿಸಿದೆ. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಕಟ್ಟರ್‌ನ ಬ್ಲೇಡು ಮಾತ್ರ ಮೊದಲು ಗೂಬೆಯ ಸುತ್ತ ಒಂದು ನೀಟಾದ ಚೌಕ ಕೊಯ್ದಿತು. ಆಮೇಲೆ ಗೂಬೆಯನ್ನು ಕೊಯ್ದಿತು. ಅತ್ತೆ ನೋಡಿ, "ಇದೇನೇ, ನನ್ನ ಗೂಬೇನ ಕಿಟಕೀಲಿ ಕೂರಿಸಿಬಿಟ್ಟಿದ್ದೀಯ?" ಅಂದರು.

ತಪ್ಪು ಕಟ್ಟರ್‌ನದಲ್ಲ. ಚೌಕ ಫೈಲಿನಲ್ಲೇ ಇತ್ತು. ಬಿಳಿ ಪುಟದ ಮೇಲೆ ಬಿಳಿ ಚೌಕ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ನಮಗೆ ಕಾಗದದ ಬಿಳಿ ಅಂದರೆ ಏನೂ ಬರೆಯದ ಜಾಗ. ಟ್ರೇಸ್ ಮಾಡುವ ಸಾಫ್ಟ್‌ವೇರ್‌ಗೆ ಹಾಗಲ್ಲ. ಕಪ್ಪು ಇದ್ದ ಹಾಗೆ, ಕಂದು ಇದ್ದ ಹಾಗೆ, ಬಿಳಿಯೂ ಒಂದು ಬಣ್ಣ. ಅದಕ್ಕೂ ಒಂದು ಆಕಾರ ಮಾಡಿ ಇಡುತ್ತದೆ. ಈ ಒಂದು ವಿಷಯ ತಲೆಗೆ ಹೋಗಲು ನನಗೆ ಮೂರು ಹಾಳೆ ವಿನೈಲ್ ಬೇಕಾಯಿತು. ನಿಮಗೆ ಅಷ್ಟು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಹೆಚ್ಚಾಗಿ ಬಳಸುವುದು ಇಂಕ್‌ಸ್ಕೇಪ್. ಹಾಗಾಗಿ ಅದರ ಬಗ್ಗೆ ಜಾಸ್ತಿ ಹೇಳುತ್ತೇನೆ. ಇಲ್ಲಸ್ಟ್ರೇಟರ್, ಕೋರೆಲ್‌ಡ್ರಾ ಬಳಸುವವರಿಗೂ ಮುಂದೆ ಒಂದೆರಡು ಮಾತಿದೆ.

ಮೊದಲು ಕಳ್ಳನನ್ನು ನೋಡಿ

ಹಿನ್ನೆಲೆ ಇದೆಯೋ ಇಲ್ಲವೋ ಅಂತ ಬಿಳಿ ಪುಟದ ಮೇಲೆ ಗೊತ್ತಾಗುವುದಿಲ್ಲ. ನಾನು ಮಾಡುವುದು ಇಷ್ಟು: ಚಿತ್ರಕ್ಕಿಂತ ದೊಡ್ಡದಾದ ಒಂದು ಕಿತ್ತಳೆ ಬಣ್ಣದ ಚೌಕ ಎಳೆದು, 'ಎಂಡ್' ಕೀ ಒತ್ತಿ ಎಲ್ಲಕ್ಕಿಂತ ಕೆಳಗೆ ಕಳಿಸುತ್ತೇನೆ. ಚಿತ್ರದ ಸುತ್ತ ಕಿತ್ತಳೆ ಕಂಡರೆ ಹಿನ್ನೆಲೆ ಇಲ್ಲ. ಗೂಬೆಯ ಸುತ್ತ ಬಿಳಿ ಪಟ್ಟಿ ಉಳಿದರೆ ಇದೆ. ಕಿತ್ತಳೆಯೇ ಯಾಕೆ ಅಂದರೆ ನನ್ನ ಚಿತ್ರಗಳಲ್ಲಿ ಆ ಬಣ್ಣ ಬರುವುದು ಕಡಿಮೆ. ನಿಮ್ಮ ಚಿತ್ರದಲ್ಲಿ ಇಲ್ಲದ ಯಾವುದೇ ಗಾಢ ಬಣ್ಣ ಆಗಬಹುದು. ಕೆಲಸ ಮುಗಿದ ಮೇಲೆ ಅದನ್ನು ಅಳಿಸಲು ಮರೆಯಬೇಡಿ. (ಮರೆತಿದ್ದೇನೆ. ಎರಡನೇ ಹಾಳೆ ಹೋಗಿದ್ದು ಹಾಗೇ.)

ಚೌಕ ಎಳೆಯುವುದು ಬೇಡ ಅಂದರೆ, 'ಡಾಕ್ಯುಮೆಂಟ್ ಪ್ರಾಪರ್ಟೀಸ್' ತೆರೆದು 'ಚೆಕರ್‌ಬೋರ್ಡ್' ಟಿಕ್ ಮಾಡಿ. ಪುಟ ಚದುರಂಗದ ಮಣೆಯ ಹಾಗೆ ಕಾಣುತ್ತದೆ. ಮಣೆ ಕಾಣುವ ಕಡೆ ನಿಜವಾಗಿಯೂ ಏನೂ ಇಲ್ಲ.

ಕಟ್ಟರ್‌ಗೆ ಕಳಿಸುವ ಫೈಲಾದರೆ ಇನ್ನೊಂದು ಪರೀಕ್ಷೆ ಕಡ್ಡಾಯ. 'ವ್ಯೂ' ಮೆನುವಿನಲ್ಲಿ 'ಡಿಸ್ಪ್ಲೇ ಮೋಡ್', ಅದರಲ್ಲಿ 'ಔಟ್‌ಲೈನ್'. ಬಣ್ಣ ಎಲ್ಲ ಮಾಯವಾಗಿ ಬರೀ ಗೆರೆಗಳು ಉಳಿಯುತ್ತವೆ. ಬ್ಲೇಡು ಓಡುವುದು ಈ ಗೆರೆಗಳ ಮೇಲೆ. ಬಿಳಿ ಚೌಕ ಇದ್ದರೆ ಇಲ್ಲಿ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಬಣ್ಣವೇ ಇಲ್ಲದ ಆಕಾರಗಳೂ ಇಲ್ಲಿ ಸಿಕ್ಕಿಬೀಳುತ್ತವೆ.

ಅದು ಹಿನ್ನೆಲೆಯೇನಾ, ಅಥವಾ ಹಳೇ ಫೋಟೋನಾ?

"ಟ್ರೇಸ್ ಮಾಡಿದೆ, ಹಿನ್ನೆಲೆ ಹೋಗ್ತಾನೇ ಇಲ್ಲ" ಅಂತ ನನ್ನ ಹತ್ತಿರ ಬಂದವರಲ್ಲಿ ಅರ್ಧ ಜನರ ತೊಂದರೆ ಇದೇ ಆಗಿತ್ತು. ಇಂಕ್‌ಸ್ಕೇಪ್ ಟ್ರೇಸ್ ಮಾಡಿದಾಗ ಹೊಸ ಚಿತ್ರವನ್ನು ಹಳೆಯ ಫೋಟೋದ ಮೇಲೆಯೇ, ಒಂದು ಕೂದಲೂ ಆಚೀಚೆ ಆಗದ ಹಾಗೆ ಇಡುತ್ತದೆ. ಫೋಟೋ ಅಲ್ಲೇ ಕೆಳಗೆ ಇರುತ್ತದೆ. ನೋಡಿದರೆ ಟ್ರೇಸ್ ಆದ ಚಿತ್ರಕ್ಕೇ ಹಿನ್ನೆಲೆ ಅಂಟಿದ ಹಾಗೆ ಕಾಣುತ್ತದೆ.

ಚಿತ್ರವನ್ನು ಹಿಡಿದು ಪಕ್ಕಕ್ಕೆ ಎಳೆಯಿರಿ. ಗೂಬೆ ಒಂದಿದ್ದದ್ದು ಎರಡಾದರೆ, ಕೆಳಗಿರುವುದು ಫೋಟೋ. ಯಾವುದು ಯಾವುದು ಅಂತ ಅನುಮಾನ ಬಂದರೆ, ಒಂದನ್ನು ಕ್ಲಿಕ್ ಮಾಡಿ ಕಿಟಕಿಯ ತಳದಲ್ಲಿರುವ ಪಟ್ಟಿ ಓದಿ. ಫೋಟೋ ಆದರೆ 'ಇಮೇಜ್' ಅಂತ ಬರುತ್ತದೆ. ಟ್ರೇಸ್ ಆಗಿದ್ದಾದರೆ 'ಪಾತ್' (ಗೆರೆಯಿಂದಾದ ಆಕಾರ) ಅಂತಲೋ 'ಗ್ರೂಪ್' (ಒಟ್ಟಿಗೆ ಕಟ್ಟಿದ ಆಕಾರಗಳು) ಅಂತಲೋ ಬರುತ್ತದೆ. ಫೋಟೋವನ್ನು ತಕ್ಷಣ ಅಳಿಸಬೇಡಿ. ಮತ್ತೆ ಟ್ರೇಸ್ ಮಾಡಬೇಕಾಗಿ ಬರುತ್ತದೆ, ಬಂದೇ ಬರುತ್ತದೆ. ಪಕ್ಕಕ್ಕೆ ಸರಿಸಿಟ್ಟು ಕೊನೆಯಲ್ಲಿ ಅಳಿಸಿ.

ಒಳಗೆ ನಡೆಯುವುದೇನು

ಇದನ್ನು ತಿಳಿದುಕೊಂಡರೆ ಮುಂದಿನ ಬಟನ್‌ಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಇಂಕ್‌ಸ್ಕೇಪ್‌ನ ಒಳಗೆ ಟ್ರೇಸ್ ಮಾಡುವ ಕೆಲಸ ಪೋಟ್ರೇಸ್ ಎಂಬ ಪ್ರೋಗ್ರಾಮಿನದು. ಪೀಟರ್ ಸೆಲಿಂಗರ್ ಅದನ್ನು ಬರೆದವರು. ಪೋಟ್ರೇಸ್‌ಗೆ ಗೊತ್ತಿರುವುದು ಎರಡೇ: ಕಪ್ಪು ಮತ್ತು ಕಪ್ಪಲ್ಲದ್ದು. ಕಪ್ಪು ಇರುವ ಕಡೆ ಸುತ್ತ ಒಂದು ನಯವಾದ ಗೆರೆ ಹಾಕುತ್ತದೆ. ಅಷ್ಟೆ.

ಹಾಗಾದರೆ ಬಣ್ಣದ ಚಿತ್ರ? ಇಂಕ್‌ಸ್ಕೇಪ್ ಮೊದಲು ಚಿತ್ರದ ಬಣ್ಣಗಳನ್ನು ನೀವು ಹೇಳಿದಷ್ಟು ಗುಂಪು ಮಾಡುತ್ತದೆ. 8 ಅಂದರೆ 8. ಆಮೇಲೆ ಒಂದೊಂದು ಗುಂಪನ್ನೂ ಕಪ್ಪು ಅಂತ ತೋರಿಸಿ, ಪೋಟ್ರೇಸ್ ಕೈಯಲ್ಲಿ 8 ಸಲ ಗೆರೆ ಹಾಕಿಸುತ್ತದೆ. ಅದರಲ್ಲಿ ಒಂದು ಸಲ ಕಾಗದದ ಬಿಳಿಯ ಸರದಿಯೂ ಬರುತ್ತದೆ. ನನ್ನ ಚೌಕ ಹುಟ್ಟಿದ್ದು ಆ ಸರದಿಯಲ್ಲಿ.

ಹೀಗಾಗಿ ಕಪ್ಪು-ಬಿಳುಪಿನ ಟ್ರೇಸ್‌ನಲ್ಲಿ ಬಿಳಿ ಹಿನ್ನೆಲೆ ಬರುವ ಪ್ರಶ್ನೆಯೇ ಇಲ್ಲ. ಗೂಬೆ ಬರೀ ಕಪ್ಪು ಶಾಯಿಯದ್ದಾಗಿದ್ದರೆ ನನಗೆ ಈ ಗೋಳೇ ಇರುತ್ತಿರಲಿಲ್ಲ. ನಿಮ್ಮದು ಸಹಿ, ಕೈಬರಹ, ಪೆನ್ನಿನ ಚಿತ್ರ, ಒಂದೇ ಬಣ್ಣದ ಲೋಗೋ ಆಗಿದ್ದರೆ ಬಣ್ಣದ ಟ್ರೇಸ್‌ಗೆ ಹೋಗಲೇಬೇಡಿ. 'ಪಾತ್' ಮೆನುವಿನ 'ಟ್ರೇಸ್ ಬಿಟ್‌ಮ್ಯಾಪ್' ತೆರೆಯಿರಿ, 'ಸಿಂಗಲ್ ಸ್ಕ್ಯಾನ್' ಟ್ಯಾಬಿನಲ್ಲಿ 'ಬ್ರೈಟ್‌ನೆಸ್ ಕಟಾಫ್' ಆರಿಸಿ, 'ಅಪ್ಲೈ' ಒತ್ತಿ. ಒಂದೇ ಒಂದು ಕಪ್ಪು ಪಾತ್ ಬರುತ್ತದೆ. 'ಠ' ಬರೆದಿದ್ದರೆ ಅದರ ಒಳಗಿನ ತೂತು ನಿಜವಾದ ತೂತೇ ಆಗಿರುತ್ತದೆ. ಬೇಕಾದ ಬಣ್ಣವನ್ನು ಆಮೇಲೆ ತುಂಬಿಕೊಳ್ಳಬಹುದು.

ಇದರಲ್ಲೂ ಕಪ್ಪು ಚೌಕವೊಂದು ಬಂದು ಗೂಬೆ ಅದರೊಳಗೆ ತೂತಾಗಿ ಕಂಡರೆ, 'ಇನ್ವರ್ಟ್' ಟಿಕ್ ಆಗಿದೆ ಅಂತ ಅರ್ಥ. ಅಥವಾ ನಿಮ್ಮ ಮೂಲ ಚಿತ್ರವೇ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆಯದ್ದು. ಹಾಗಿದ್ದರೆ ಆ ಟಿಕ್ ಹಾಕುವುದೇ ಮದ್ದು.

ಮೂಲೆಯಲ್ಲಿ ಕಪ್ಪು ಮಸಿ ಬಳಿದ ಹಾಗೆ ಬಂದರೆ ಅದು ನೆರಳು. ಫೋನಿನಲ್ಲಿ ಫೋಟೋ ತೆಗೆದಾಗ ನಮ್ಮದೇ ಕೈ, ತಲೆಯ ನೆರಳು ಬಿದ್ದಿರುತ್ತದಲ್ಲ, ಅದು. ಕಟಾಫ್ ಸಾಮಾನ್ಯವಾಗಿ 0.45ರಲ್ಲಿ ಇರುತ್ತದೆ. ಅಂದರೆ 0ಯಿಂದ 255ರವರೆಗಿನ ಹೊಳಪಿನಲ್ಲಿ ಸುಮಾರು 115ಕ್ಕಿಂತ ಮಬ್ಬಾದದ್ದೆಲ್ಲ ಕಪ್ಪು. ಸಂಖ್ಯೆ ಇಳಿಸುತ್ತಾ ಹೋದರೆ ನೆರಳು ಮಾಯವಾಗುತ್ತದೆ, ಆದರೆ ಜೊತೆಗೆ ಗೂಬೆಯ ಸಣ್ಣ ಗರಿಗಳೂ ಮಾಯವಾಗುತ್ತವೆ. ಅದಕ್ಕೆ ನೆರಳನ್ನು ಟ್ರೇಸ್‌ನಲ್ಲಿ ಅಲ್ಲ, ಅದಕ್ಕೂ ಮೊದಲೇ ತೆಗೆಯುವುದು ಒಳ್ಳೆಯದು.

ಟ್ರೇಸ್‌ಗೂ ಮೊದಲು ಹತ್ತು ನಿಮಿಷ

ಈ ಹತ್ತು ನಿಮಿಷ ಉಳಿಸಲು ಹೋಗಿ ಒಂದು ಗಂಟೆ ಕಳೆದವಳು ನಾನು. ಸ್ಕ್ಯಾನ್ ಆದ ಕಾಗದ ಎಂದೂ ಅಪ್ಪಟ ಬಿಳಿ ಇರುವುದಿಲ್ಲ. ನನ್ನ ಗೂಬೆಯ ಕಾಗದದ ಮೇಲೆ ಬಣ್ಣ ಅಳೆದು ನೋಡಿದರೆ ಒಂದು ಕಡೆ 241, ಇನ್ನೊಂದು ಕಡೆ 228, ಮಡಿಕೆಯ ಹತ್ತಿರ 205. ಕಣ್ಣಿಗೆ ಎಲ್ಲವೂ ಬಿಳಿಯೇ. ಬಣ್ಣ ಗುಂಪು ಮಾಡುವ ಪ್ರೋಗ್ರಾಮಿಗೆ ಅದು ಎರಡು ಬಣ್ಣವೂ ಆಗಬಹುದು, ಮೂರೂ ಆಗಬಹುದು. ಆಮೇಲೆ ಒಂದು ಬಿಳಿ ಅಳಿಸಿದರೆ ಅದರ ಕೆಳಗೆ ಇನ್ನೊಂದು ಬೂದು ಬಿಳಿ ಹಲ್ಲು ಕಿರಿಯುತ್ತದೆ.

ಜಿಂಪ್ ಅಥವಾ ನಿಮಗೆ ರೂಢಿಯಿರುವ ಯಾವುದೇ ಫೋಟೋ ಎಡಿಟರ್‌ನಲ್ಲಿ 'ಲೆವೆಲ್ಸ್' ತೆರೆಯಿರಿ. ಬಲತುದಿಯ ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆಯಿರಿ. ನಾನು 205ರವರೆಗೆ ಎಳೆದೆ. ಅದಕ್ಕಿಂತ ತಿಳಿಯಾಗಿದ್ದದ್ದೆಲ್ಲ 255 ಆಯಿತು, ಅಂದರೆ ಅಪ್ಪಟ ಬಿಳಿ. ಮಡಿಕೆಯೂ ಹೋಯಿತು. ಎಡತುದಿಯ ಕಪ್ಪು ತ್ರಿಕೋನವನ್ನು ಸ್ವಲ್ಪ ಬಲಕ್ಕೆ ತಂದರೆ ಶಾಯಿ ಗಟ್ಟಿಯಾಗುತ್ತದೆ. ಇಷ್ಟಾದ ಮೇಲೂ ಮೂಲೆಯಲ್ಲಿ ನೆರಳು ಉಳಿದಿದ್ದರೆ ಬಿಳಿ ಬ್ರಶ್ ತೆಗೆದುಕೊಂಡು ಅದರ ಮೇಲೆ ಬಳಿದುಬಿಡಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ಚಿತ್ರದ ಸುತ್ತ ಬೇಡದ ಜಾಗವನ್ನು ಕ್ರಾಪ್ ಮಾಡಿ.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಿ: ಚಿತ್ರದ ಹೊರಗೆರೆಯನ್ನು ಹತ್ತಿರದಿಂದ ನೋಡಿ. ಎಲ್ಲಾದರೂ ಗೆರೆ ಕಡಿದಿದ್ದರೆ ಪೆನ್ಸಿಲ್ ಟೂಲಿನಲ್ಲಿ ಸೇರಿಸಿ. ಅತ್ತೆಯ ಗೂಬೆಗೆ ಎಡಗಿವಿಯ ಹತ್ತಿರ ಕೂದಲೆಳೆಯಷ್ಟು ಬಿರುಕಿತ್ತು. ಅದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ಸೇವ್ ಮಾಡುವಾಗ ಪಿಎನ್‌ಜಿ ಮಾಡಿ, ಜೆಪೆಗ್ ಬೇಡ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡು ಮಾಡಿ ಒತ್ತಿ ಚಿಕ್ಕದಾಗಿಸುತ್ತದೆ. ಕಪ್ಪು ಗೆರೆಯ ಅಕ್ಕಪಕ್ಕದ ಬಿಳಿಯಲ್ಲಿ ಇದರಿಂದ ಬೂದು ಬಣ್ಣದ ಧೂಳು ಹುಟ್ಟುತ್ತದೆ. ಟ್ರೇಸ್ ಆದ ಮೇಲೆ ಆ ಧೂಳಿನ ಒಂದೊಂದು ಕಣವೂ ಒಂದೊಂದು ಆಕಾರ. ಗೂಬೆಯ ಸುತ್ತ ಚಿಗಟ ಹಾರಿದ ಹಾಗೆ.

ಒಂದು ತಪ್ಪು ನಂಬಿಕೆ: "ಮೊದಲೇ ಹಿನ್ನೆಲೆ ಅಳಿಸಿ ಪಾರದರ್ಶಕ ಪಿಎನ್‌ಜಿ ಮಾಡಿಕೊಂಡರೆ ಟ್ರೇಸ್‌ನಲ್ಲಿ ಹಿನ್ನೆಲೆ ಬರಲ್ಲ." ಇಂಕ್‌ಸ್ಕೇಪ್‌ನಲ್ಲಿ ಬರುತ್ತದೆ. ಪಾರದರ್ಶಕ ಜಾಗವನ್ನು ಟ್ರೇಸ್ ಮಾಡುವಾಗ ಅದು ಬಿಳಿ ಎಂದೇ ಎಣಿಸುತ್ತದೆ. ಹಾಗಂತ ಮಾಡಿದ್ದು ದಂಡವೇನಲ್ಲ. ನೆರಳು, ಮಡಿಕೆ ಎಲ್ಲ ಹೋಗಿ ಹಿನ್ನೆಲೆ ಒಂದೇ ಬಣ್ಣ ಆಗುತ್ತದೆ. ಅಳಿಸುವ ಕೆಲಸ ಮಾತ್ರ ಇನ್ನೂ ಬಾಕಿ.

ಬಣ್ಣದ ಟ್ರೇಸ್

'ಟ್ರೇಸ್ ಬಿಟ್‌ಮ್ಯಾಪ್'ನಲ್ಲಿ 'ಮಲ್ಟಿಕಲರ್' ಟ್ಯಾಬ್. ವಿಧಾನ 'ಕಲರ್ಸ್'. 'ಸ್ಕ್ಯಾನ್ಸ್' ಅಂದರೆ ಎಷ್ಟು ಬಣ್ಣ ಅಂತ. ಇದರ ಲೆಕ್ಕದಲ್ಲಿ ಹಿನ್ನೆಲೆಯೂ ಸೇರಿದೆ ಅನ್ನುವುದನ್ನು ಮರೆಯಬೇಡಿ. ಗೂಬೆಯಲ್ಲಿ ಕಪ್ಪು, ಕಂದು ಎರಡೇ ಬಣ್ಣ, ಕಾಗದದ ಬಿಳಿ ಸೇರಿ ಮೂರು. ನಾನು 4 ಕೊಟ್ಟೆ. ಜಾಸ್ತಿ ಕೊಟ್ಟಷ್ಟೂ ಕಪ್ಪು ಗೆರೆಯ ಅಂಚಿನ ಬೂದು ಬಣ್ಣಕ್ಕೂ ಒಂದು ಪದರ ಸಿಗುತ್ತದೆ, ಗೂಬೆಯ ಸುತ್ತ ಪ್ರಭಾವಳಿ ಬಂದ ಹಾಗೆ ಕಾಣುತ್ತದೆ. ಕಡಿಮೆ ಕೊಟ್ಟರೆ ಕಂದು ಹೋಗಿ ಕಪ್ಪಿಗೆ ಸೇರಿಕೊಳ್ಳುತ್ತದೆ. ಎರಡು ಮೂರು ಸಲ ಮಾಡಿ ನೋಡಬೇಕು, ಬೇರೆ ದಾರಿಯಿಲ್ಲ.

ಕೆಳಗಿರುವ ಟಿಕ್‌ಗಳಲ್ಲಿ ನಮಗೆ ಬೇಕಾದವು ಎರಡು. ಇಡೀ ಕಥೆ ನಿಂತಿರುವುದು ಈ ಎರಡರ ಮೇಲೆ: 'ಸ್ಟ್ಯಾಕ್' ಮತ್ತು 'ರಿಮೂವ್ ಬ್ಯಾಕ್‌ಗ್ರೌಂಡ್'.

'ಸ್ಟ್ಯಾಕ್' ಟಿಕ್ ಇದ್ದರೆ ಪದರಗಳು ಒಂದರ ಮೇಲೊಂದು ಕೂರುತ್ತವೆ. ತಳದಲ್ಲಿ ಇಡೀ ಚೌಕ, ಅದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಒಂದರ ಮೇಲೊಂದು ಇಟ್ಟ ಕಾಗದದ ಕತ್ತರಿಕೆಗಳ ಹಾಗೆ. ಬಣ್ಣಗಳ ನಡುವೆ ಸಂದು ಕಾಣುವುದಿಲ್ಲ. ಟಿಕ್ ತೆಗೆದರೆ ನೆಲಕ್ಕೆ ಹಾಸಿದ ಹಂಚಿನ ಹಾಗೆ, ಪ್ರತಿ ಬಣ್ಣ ತನ್ನ ಜಾಗದಲ್ಲಿ ಮಾತ್ರ. ಒಂದರ ಕೆಳಗೆ ಇನ್ನೊಂದಿಲ್ಲ. ಪರದೆಗೆ, ಪ್ರಿಂಟಿಗೆ ಸ್ಟ್ಯಾಕ್ ಚೆನ್ನ. ವಿನೈಲ್ ಕಟ್ಟರ್‌ಗೆ ಸ್ಟ್ಯಾಕ್ ಬೇಡ, ಯಾಕಂದರೆ ಕೆಳಗೆ ಅಡಗಿದ ಪದರದ ಗೆರೆಯ ಮೇಲೂ ಬ್ಲೇಡು ಓಡುತ್ತದೆ.

'ರಿಮೂವ್ ಬ್ಯಾಕ್‌ಗ್ರೌಂಡ್' ಹೆಸರು ನೋಡಿದರೆ ಇದೊಂದೇ ಸಾಕಲ್ಲ, ಇಷ್ಟು ಪುರಾಣ ಯಾಕೆ ಅನ್ನಿಸುತ್ತದೆ ಅಲ್ವಾ? ಎಷ್ಟೋ ಸಲ ಸಾಕು. ಸರಳ ಚಿತ್ರ, ಅಪ್ಪಟ ಬಿಳಿ ಹಿನ್ನೆಲೆ ಆದರೆ ಟಿಕ್ ಹಾಕಿ, 'ಅಪ್ಲೈ' ಒತ್ತಿ, ಮುಗಿಯಿತು. ಆದರೆ ಅದಕ್ಕೆ ಹಿನ್ನೆಲೆ ಯಾವುದು, ಗೂಬೆ ಯಾವುದು ಅಂತ ನಿಜವಾಗಿ ಗೊತ್ತಿಲ್ಲ. ಅದು ಮಾಡುವುದು ಇಷ್ಟೆ: ಎಲ್ಲ ಪದರ ಆದ ಮೇಲೆ ತಳದ ಒಂದನ್ನು ಬಿಸಾಡುತ್ತದೆ. ಕಾಗದದ ಬಿಳಿ ಎರಡು ಪದರ ಆಗಿದ್ದರೆ ಒಂದು ಉಳಿಯುತ್ತದೆ. ತಳದಲ್ಲಿ ಇದ್ದದ್ದು ನಿಮಗೆ ಬೇಕಾದ ಬಣ್ಣವೇ ಆಗಿದ್ದರೆ ಅದೇ ಹೋಗುತ್ತದೆ.

ಅದು ಸೋತರೆ ಕೈಯಲ್ಲಿ ತೆಗೆಯುವುದು ಕಷ್ಟವೇನಲ್ಲ. ಬಣ್ಣದ ಟ್ರೇಸ್ ಒಂದು ಗ್ರೂಪ್ ಆಗಿ ಬರುತ್ತದೆ. ಅದನ್ನು ಆರಿಸಿ ಶಿಫ್ಟ್, ಕಂಟ್ರೋಲ್ ಜೊತೆ 'ಜಿ' ಒತ್ತಿದರೆ ಗ್ರೂಪ್ ಬಿಚ್ಚುತ್ತದೆ. ಬೇರೆ ಕಡೆ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಆಮೇಲೆ ಚಿತ್ರದ ಮೂಲೆಯಲ್ಲಿ, ಗೂಬೆ ಇಲ್ಲದ ಕಡೆ ಕ್ಲಿಕ್ ಮಾಡಿ. ಸಿಕ್ಕಿದ್ದು ಹಿನ್ನೆಲೆ. 'ಡಿಲೀಟ್'. ಅದರ ಕೆಳಗೆ ಇನ್ನೊಂದು ಬಿಳಿ ಕಂಡರೆ ಮತ್ತೆ ಹಾಗೇ ಮಾಡಿ. ಕ್ಲಿಕ್ ಮಾಡಿ ಹಿಡಿಯಲು ಆಗದಿದ್ದರೆ 'ಟ್ಯಾಬ್' ಕೀ ಒತ್ತುತ್ತಾ ಹೋಗಿ. ಒಂದೊಂದೇ ಪದರ ಸರದಿಯಂತೆ ಆಯ್ಕೆಯಾಗುತ್ತದೆ.

ಅಳಿಸಿದೆ. ಕಿತ್ತಳೆ ಚೌಕ ಸುತ್ತಲೂ ಚೆಂದವಾಗಿ ಕಂಡಿತು. ಹಾಗೇ ಗೂಬೆಯ ಹೊಟ್ಟೆಯೂ ಕಿತ್ತಳೆ. ಕಣ್ಣುಗುಡ್ಡೆಯೂ ಕಿತ್ತಳೆ.

ಹೊಟ್ಟೆಯ ಬಿಳಿ ವಾಪಸ್ ತರುವುದು

ಈ ವಿಷಯದಲ್ಲಿ ನಿಜವಾದ ಕೆಲಸ ಇರುವುದು ಇಲ್ಲಿ. ಕಾಗದದ ಬಿಳಿ, ಹೊಟ್ಟೆಯ ಬಿಳಿ, ಕಣ್ಣಿನ ಬಿಳಿ, ಮೂರೂ ಒಂದೇ ಬಿಳಿ. ಒಂದನ್ನು ಅಳಿಸಿದರೆ ಮೂರೂ ಹೋಗುತ್ತವೆ. ಬಿಳಿ ಹಾಳೆಯ ಮೇಲೆ ಪ್ರಿಂಟ್ ಮಾಡುವುದಾದರೆ ಪರವಾಗಿಲ್ಲ, ಗೊತ್ತೇ ಆಗುವುದಿಲ್ಲ. ಗಾಢ ಬಣ್ಣದ ಮೇಲೆ ಇಡುವುದಾದರೆ ಟೊಳ್ಳು ಗೂಬೆ ಕೂರುತ್ತದೆ.

ಮೊದಲ ದಾರಿ. ಸ್ಟ್ಯಾಕ್ ತೆಗೆದು, ರಿಮೂವ್ ಬ್ಯಾಕ್‌ಗ್ರೌಂಡನ್ನೂ ತೆಗೆದು ಟ್ರೇಸ್ ಮಾಡಿ. ಗ್ರೂಪ್ ಬಿಚ್ಚಿ, ಬಿಳಿ ಪದರವನ್ನು ಆರಿಸಿ. ನೋಡಲು ಒಂದೇ ಆಕಾರ, ಆದರೆ ಅದರಲ್ಲಿ ಹಲವು ತುಂಡುಗಳಿವೆ: ಗೂಬೆಯ ಆಕಾರದ ತೂತಿರುವ ಹೊರಗಿನ ಚೌಕ, ಹೊಟ್ಟೆ, ಎರಡು ಕಣ್ಣು, ಕಣ್ಣಿನೊಳಗಿನ ಮಿಂಚು. 'ಪಾತ್' ಮೆನುವಿನಲ್ಲಿ 'ಬ್ರೇಕ್ ಅಪಾರ್ಟ್' ಒತ್ತಿ. ಶಿಫ್ಟ್, ಕಂಟ್ರೋಲ್, 'ಕೆ' ಒತ್ತಿದರೂ ಆದೀತು. ತುಂಡುಗಳೆಲ್ಲ ಬೇರೆಯಾಗುತ್ತವೆ.

ಇಲ್ಲಿ ಎಲ್ಲರೂ ಒಮ್ಮೆ ಗಾಬರಿಯಾಗುತ್ತಾರೆ. ನಾನಂತೂ ಅನ್‌ಡೂ ಒತ್ತಿ ಓಡಿಹೋಗಿದ್ದೆ. ಯಾಕಂದರೆ ಬ್ರೇಕ್ ಅಪಾರ್ಟ್ ಮಾಡಿದ ತಕ್ಷಣ ತೂತುಗಳೂ ಗಟ್ಟಿ ಆಕಾರಗಳಾಗುತ್ತವೆ. ಹೊರಗಿನ ಚೌಕ ಇಡೀ ಬಿಳಿ ಚೌಕ ಆಗುತ್ತದೆ. ಗೂಬೆಯ ಆಕಾರದ ತೂತು ಬಿಳಿ ಗೂಬೆ ಆಗುತ್ತದೆ, ಅದರ ಕೆಳಗೆ ಇರುವ ಕಂದು, ಕಪ್ಪು ಮುಚ್ಚಿಹೋಗಬಹುದು. ಗಾಬರಿ ಬೇಡ. ಆ ಬಿಳಿ ಗೂಬೆಯೇ ನಮಗೆ ಬೇಕಾದದ್ದು. ಚೌಕವನ್ನು ಅಳಿಸಿ. ಬಿಳಿ ಗೂಬೆಯನ್ನು ಆರಿಸಿ 'ಎಂಡ್' ಒತ್ತಿ. ಅದು ಎಲ್ಲಕ್ಕಿಂತ ಕೆಳಗೆ ಹೋಗಿ ಅಸ್ತರಿನ ಹಾಗೆ ಕೂರುತ್ತದೆ. ಕಿತ್ತಳೆ ಚೌಕ ಅದಕ್ಕಿಂತಲೂ ಕೆಳಗಿರಬೇಕು, ಅದಕ್ಕೂ ಒಮ್ಮೆ 'ಎಂಡ್'. ಈಗ ಹೊಟ್ಟೆ ಬಿಳಿ, ಕಣ್ಣು ಬಿಳಿ, ಸುತ್ತಲೂ ಖಾಲಿ.

ಅಸ್ತರು ಅಂಚಿನಲ್ಲಿ ಕೂದಲೆಳೆಯಷ್ಟು ಇಣುಕಿದರೆ 'ಪಾತ್' ಮೆನುವಿನ 'ಇನ್‌ಸೆಟ್' ಒಮ್ಮೆ ಒತ್ತಿ. ಸುತ್ತಲೂ ಒಂದಿಷ್ಟು ಒಳಕ್ಕೆ ಸರಿಯುತ್ತದೆ.

ಹೊಸ ಇಂಕ್‌ಸ್ಕೇಪ್‌ನಲ್ಲಿ 'ಸ್ಪ್ಲಿಟ್ ಪಾತ್' ಅಂತ ಇನ್ನೊಂದಿದೆ. ಅದೂ ತುಂಡು ಮಾಡುತ್ತದೆ, ಆದರೆ ತೂತನ್ನು ತೂತಾಗಿಯೇ ಬಿಡುತ್ತದೆ. ಅದನ್ನು ಬಳಸಿದರೆ ಹೊರಗಿನ ಚೌಕ ತನ್ನ ಗೂಬೆ ತೂತಿನ ಜೊತೆಗೇ ಬೇರೆಯಾಗುತ್ತದೆ. ಅದನ್ನಷ್ಟೇ ಅಳಿಸಿದರೆ ಹೊಟ್ಟೆ, ಕಣ್ಣು ತಮ್ಮ ಪಾಡಿಗೆ ಉಳಿಯುತ್ತವೆ. ಬಣ್ಣಬಣ್ಣದ ವಿನೈಲ್ ತುಂಡು ಕತ್ತರಿಸಿ ಜೋಡಿಸುವವರಿಗೆ ಇದು ಸರಿ. ಪ್ರಿಂಟಿಗೆ ನನಗೆ ಅಸ್ತರಿನ ದಾರಿಯೇ ಇಷ್ಟ. ತುಂಡುಗಳ ನಡುವೆ ಸಣ್ಣ ಸಂದು ಬಿಟ್ಟುಕೊಂಡರೂ ಅಸ್ತರು ಮುಚ್ಚಿಕೊಳ್ಳುತ್ತದೆ.

ಎರಡನೇ ದಾರಿ. ಹಿನ್ನೆಲೆ ಈಗಾಗಲೇ ಅಳಿಸಿಬಿಟ್ಟಿದ್ದೀರಿ, ಅಥವಾ ಕಪ್ಪು-ಬಿಳುಪಿನ ಟ್ರೇಸ್ ಇದೆ, ಬಿಳಿ ಪದರವೇ ಇಲ್ಲ ಅಂದುಕೊಳ್ಳಿ. ಕಪ್ಪು ಗೆರೆಗಳ ಪದರವನ್ನು ಆರಿಸಿ ಕಂಟ್ರೋಲ್ ಜೊತೆ 'ಡಿ' ಒತ್ತಿ ಇನ್ನೊಂದು ಪ್ರತಿ ಮಾಡಿ. ಪ್ರತಿಯನ್ನು ಬ್ರೇಕ್ ಅಪಾರ್ಟ್ ಮಾಡಿ. ತುಂಡುಗಳೆಲ್ಲ ಆಯ್ಕೆಯಾಗಿಯೇ ಇರುತ್ತವೆ, ಹಾಗೇ 'ಯೂನಿಯನ್' ಒತ್ತಿ. ತೂತುಗಳೆಲ್ಲ ಮುಚ್ಚಿ ಗಟ್ಟಿಯಾದ ಒಂದೇ ಕಪ್ಪು ಗೂಬೆ ಬರುತ್ತದೆ. ಅದಕ್ಕೆ ಬಿಳಿ ತುಂಬಿ, 'ಎಂಡ್' ಒತ್ತಿ ಕೆಳಗೆ ಕಳಿಸಿ. ಒಂದೇ ನಿಮಿಷದ ಕೆಲಸ.

ಈ ಎರಡೂ ದಾರಿ ನಡೆಯುವುದು ಹೊರಗೆರೆ ಸುತ್ತಲೂ ಕೂಡಿಕೊಂಡಿದ್ದರೆ ಮಾತ್ರ. ಎಡಗಿವಿಯ ಬಿರುಕಿನ ಮಾತು ನೆನಪಿದೆಯಲ್ಲ. ಮೊದಲ ಸಲ ಅದನ್ನು ನಾನು ಗಮನಿಸಿರಲಿಲ್ಲ. ಹೊರಗಿನ ಬಿಳಿ ಆ ಬಿರುಕಿನಿಂದ ನುಗ್ಗಿ ತಲೆಯ ಬಿಳಿಯ ಜೊತೆ ಒಂದಾಗಿಬಿಟ್ಟಿತ್ತು. ಚೌಕ ಅಳಿಸಿದರೆ ಗೂಬೆಯ ತಲೆಯೂ ಖಾಲಿ. ತೂತಾದ ಬಿಂದಿಗೆಯಲ್ಲಿ ನೀರು ನಿಲ್ಲುತ್ತದೆಯೇ? ಸ್ಕ್ಯಾನ್‌ಗೆ ಹೋಗಿ ಬಿರುಕು ಮುಚ್ಚಿ ಮತ್ತೆ ಟ್ರೇಸ್ ಮಾಡಿದೆ.

ಇನ್ನೊಂದು ಸೂಕ್ಷ್ಮ. ಗೂಬೆಯ ಕಾಲು, ಕೊಂಬೆ, ಇವೆರಡರ ನಡುವೆ ಒಂದು ಸಣ್ಣ ಸಂದಿತ್ತು. ಅಲ್ಲಿ ಹಿಂದಿನದು ಕಾಣಬೇಕು. ಅಸ್ತರು ಅದನ್ನೂ ಮುಚ್ಚಿಬಿಟ್ಟಿತ್ತು. ಬ್ರೇಕ್ ಅಪಾರ್ಟ್ ಆದಾಗ ಆ ಸಂದಿನದ್ದೇ ಒಂದು ತುಂಡು ಬಂದಿರುತ್ತದೆ. ಯೂನಿಯನ್ ಮಾಡುವ ಮೊದಲು ಅದರ ಒಂದು ಪ್ರತಿಯನ್ನು ಪಕ್ಕಕ್ಕೆ ಎತ್ತಿಟ್ಟುಕೊಳ್ಳಬೇಡಿ, ಅದೇ ಜಾಗದಲ್ಲಿ ಕಾಪಿ ಮಾಡಿಟ್ಟುಕೊಳ್ಳಿ. ಜಾಗ ತಪ್ಪಿದರೆ ಆಮೇಲೆ ಕೂರಿಸುವುದು ಕಷ್ಟ. ಅಸ್ತರು ಆದ ಮೇಲೆ ಆ ತುಂಡು ಮೇಲೆ, ಅಸ್ತರು ಕೆಳಗೆ ಇರುವಂತೆ ಎರಡನ್ನೂ ಆರಿಸಿ 'ಡಿಫರೆನ್ಸ್' ಒತ್ತಿ. ಅಸ್ತರಿನಲ್ಲಿ ಅಷ್ಟು ಮಾತ್ರ ತೂತಾಗುತ್ತದೆ.

ಚಿಗಟಗಳು

ಸುತ್ತಮುತ್ತ ಸಣ್ಣ ಚುಕ್ಕೆಗಳು ಉಳಿದಿದ್ದರೆ ಒಂದೊಂದೇ ಅಳಿಸುತ್ತಾ ಕೂರಬೇಡಿ. ಟ್ರೇಸ್ ಡಬ್ಬಿಯಲ್ಲಿ 'ಸ್ಪೆಕಲ್ಸ್' ಇದೆ. ಮಾಮೂಲಿಯಾಗಿ 2 ಇರುತ್ತದೆ. ನಾನು 15, 20ಕ್ಕೆ ಏರಿಸಿ ಮತ್ತೆ ಟ್ರೇಸ್ ಮಾಡುತ್ತೇನೆ. ಅಷ್ಟು ಪಿಕ್ಸೆಲ್‌ಗಿಂತ ಚಿಕ್ಕದಾದದ್ದೆಲ್ಲ ಹುಟ್ಟುವುದೇ ಇಲ್ಲ. ತೀರಾ ಏರಿಸಿದರೆ ಕಣ್ಣಿನ ಮಿಂಚು ಹೋಗುತ್ತದೆ. ಮಿಂಚು ಹೋದ ಗೂಬೆ ಸತ್ತ ಗೂಬೆ, ಅದನ್ನು ನೋಡಿಕೊಳ್ಳಿ.

ಇಲ್ಲಸ್ಟ್ರೇಟರ್, ಕೋರೆಲ್‌ಡ್ರಾ

ಇಲ್ಲಸ್ಟ್ರೇಟರ್‌ನಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಅಲ್ಲಿ ಕಪ್ಪು-ಬಿಳುಪಿನ ಟ್ರೇಸ್ ಮಾಡಿದರೂ ಬಿಳಿ ಆಕಾರಗಳು ಬರುತ್ತವೆ. 'ಇಮೇಜ್ ಟ್ರೇಸ್' ಪ್ಯಾನೆಲ್‌ನ 'ಅಡ್ವಾನ್ಸ್ಡ್' ಭಾಗ ಬಿಚ್ಚಿದರೆ 'ಇಗ್ನೋರ್ ವೈಟ್' ಸಿಗುತ್ತದೆ. ಹೊಸ ಆವೃತ್ತಿಗಳಲ್ಲಿ 'ಇಗ್ನೋರ್ ಕಲರ್' ಇದೆ, ಯಾವ ಬಣ್ಣ ಬೇಡ ಅಂತ ನೀವೇ ತೋರಿಸಬಹುದು. ಇದನ್ನು 'ಎಕ್ಸ್‌ಪ್ಯಾಂಡ್' (ಟ್ರೇಸ್ ಆದದ್ದನ್ನು ಬಿಡಿ ಆಕಾರಗಳಾಗಿ ಮಾಡುವ ಬಟನ್) ಒತ್ತುವ ಮೊದಲೇ ಮಾಡಬೇಕು. ಇಲ್ಲೂ ಹೊಟ್ಟೆಯ ಬಿಳಿ ಹೋಗುತ್ತದೆ.

ಹೊಟ್ಟೆ ಉಳಿಯಬೇಕು ಅಂದರೆ ಇಗ್ನೋರ್ ಹಾಕದೆ ಎಕ್ಸ್‌ಪ್ಯಾಂಡ್ ಮಾಡಿ, ಗ್ರೂಪ್ ಬಿಚ್ಚಿ, ಹೊರಗಿನ ಬಿಳಿಯನ್ನಷ್ಟೇ ಕ್ಲಿಕ್ ಮಾಡಿ ಅಳಿಸಿ. ಎಲ್ಲ ಬಿಳಿಯೂ ಹೋಗಲಿ ಅಂದರೆ ಒಂದನ್ನು ಆರಿಸಿ 'ಸೆಲೆಕ್ಟ್' ಮೆನುವಿನ 'ಸೇಮ್', 'ಫಿಲ್ ಕಲರ್' ಒತ್ತಿ. ಇದು ಅದೇ ಬಣ್ಣವನ್ನು ಮಾತ್ರ ಹಿಡಿಯುತ್ತದೆ. ಹೆಚ್ಚುಕಡಿಮೆ ಬಿಳಿಯಾದದ್ದನ್ನೂ ಹಿಡಿಯಬೇಕು ಅಂದರೆ 'ಮ್ಯಾಜಿಕ್ ವಾಂಡ್' ಟೂಲ್. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ 'ಟಾಲರೆನ್ಸ್' ಹೊಂದಿಸಿಕೊಳ್ಳಿ. ನನ್ನ ಕಿತ್ತಳೆ ಚೌಕದ ಬದಲು ಇಲ್ಲಿ ಶಿಫ್ಟ್, ಕಂಟ್ರೋಲ್, 'ಡಿ' ಒತ್ತಿದರೆ ಚದುರಂಗದ ಮಣೆ ಬರುತ್ತದೆ.

ಈ ವಿಷಯದಲ್ಲಿ ಮೂರರಲ್ಲಿ ಜಾಣ ಅಂದರೆ ಕೋರೆಲ್‌ಡ್ರಾ. ಅದರ 'ಪವರ್‌ಟ್ರೇಸ್'ನಲ್ಲಿ 'ರಿಮೂವ್ ಬ್ಯಾಕ್‌ಗ್ರೌಂಡ್' ಟಿಕ್ ಹಾಕಿದ ಮೇಲೆ ಯಾವ ಬಣ್ಣ ಅಂತ ಡ್ರಾಪರ್‌ನಿಂದ ತೋರಿಸಬಹುದು. ಅದರ ಕೆಳಗೆ 'ರಿಮೂವ್ ಕಲರ್ ಫ್ರಂ ಎಂಟೈರ್ ಇಮೇಜ್' ಅಂತ ಇದೆ. ಅದನ್ನು ಟಿಕ್ ಮಾಡದೆ ಬಿಟ್ಟರೆ ಹೊರಗಿನ ಬಿಳಿ ಮಾತ್ರ ಹೋಗುತ್ತದೆ, ಹೊಟ್ಟೆಯ ಬಿಳಿ ಉಳಿಯುತ್ತದೆ. ನಾನು ಮೇಲೆ ಅಷ್ಟುದ್ದ ಹೇಳಿದ್ದು ಇಲ್ಲಿ ಒಂದು ಟಿಕ್‌ನ ಕೆಲಸ. ಹೊಟ್ಟೆಕಿಚ್ಚಾಗುತ್ತದೆ, ಏನು ಮಾಡುವುದು.

ಕಳಿಸುವ ಮೊದಲು

ಪಕ್ಕಕ್ಕೆ ಇಟ್ಟ ಫೋಟೋ ಅಳಿಸಿ. ಕಿತ್ತಳೆ ಚೌಕ ಅಳಿಸಿ. ಎಲ್ಲವನ್ನೂ ಆರಿಸಿ ಶಿಫ್ಟ್, ಕಂಟ್ರೋಲ್, 'ಆರ್' ಒತ್ತಿದರೆ ಪುಟ ಚಿತ್ರದ ಅಳತೆಗೆ ಬರುತ್ತದೆ. ಒತ್ತಿದ ಮೇಲೂ ಪುಟ ಗೂಬೆಗಿಂತ ಎಷ್ಟೋ ದೊಡ್ಡದಾಗಿ ಉಳಿದರೆ, ದೂರದಲ್ಲಿ ಎಲ್ಲೋ ಒಂದು ಚುಕ್ಕೆ ಕೂತಿದೆ ಅಂತ ಅರ್ಥ. ಚುಕ್ಕೆ ಹುಡುಕಲು ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ. ಕೊನೆಗೆ ಒಮ್ಮೆ ಔಟ್‌ಲೈನ್ ಮೋಡ್‌ಗೆ ಹೋಗಿ ಗೆರೆಗಳನ್ನು ನೋಡಿ, ಆಮೇಲೆ ಸೇವ್ ಮಾಡಿ.

ನಾಲ್ಕನೇ ಹಾಳೆಯಲ್ಲಿ ಗೂಬೆ ಚೌಕವಿಲ್ಲದೆ ಬಂತು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎಡಗಿವಿ ಹತ್ರ ಗೆರೆ ನೀನು ಸೇರಿಸಿದ್ದಾ?" ಅಂತ ಕೇಳಿದರು. ಹೌದು ಅಂದೆ. "ಅಲ್ಲಿ ನಾನು ಬೇಕು ಅಂತಲೇ ಬಿಟ್ಟಿದ್ದೆ," ಅಂದರು.